ಕುಲುಮೆಯಿಂದ ಕ್ಯಾಮೆರಾದವರೆಗೆ: ಕೈಯಾರೆ ಮಾಡಿದ ಚಾಕುವಿನೊಂದಿಗೆ ಟಿ.ವಿ. ಕತ್ತರಿಕೆ ಸ್ಪರ್ಧೆಗೆ ಇಳಿಯುವುದು ಹೇಗೆ?

ಕೈಯಾರೆ ಮಾಡಿದ ಚಾಕುವಿನಿಂದ ದಪ್ಪ ಹಗ್ಗವನ್ನು ಒಂದೇ ಏಟಿಗೆ ಕತ್ತರಿಸುವುದು ಅಷ್ಟೇನೂ ಕಷ್ಟವಲ್ಲ; ಬಾಯಿಯನ್ನು, ಅಂದರೆ ಕೊಯ್ಯುವ ಅಂಚನ್ನು, ತೆಳ್ಳಗೆ ಮಸೆದರೆ ಆಯಿತು. ಮರದ ತೊಲೆಯನ್ನು ಕಡಿಯುವುದೂ ಕಷ್ಟವಲ್ಲ. ಬಾಯಿಯ ಹಿಂದೆ ಉಕ್ಕನ್ನು ಒಂದಿಷ್ಟು ದಪ್ಪವಾಗಿ ಉಳಿಸಿದರೆ ಆಯಿತು. ಆದರೆ ತೊಲೆಯನ್ನು ಎರಡು ತುಂಡು ಮಾಡಿದ ಅದೇ ಬಾಯಿಯಿಂದ, ಸಾಣೆಯ ಕಡೆಗೆ ತಿರುಗಿಯೂ ನೋಡದೆ, ನೆಟ್ಟಗೆ ನಿಲ್ಲಿಸಿದ ಪ್ಲಾಸ್ಟಿಕ್ ಸ್ಟ್ರಾವನ್ನು ಬೀಳಿಸದಂತೆ ಕತ್ತರಿಸಲು ಹೊರಟಾಗ ಚಾಕು ಮಾಡಿದವನ ನಿಜವಾದ ಕೆಲಸ ಬಯಲಾಗುತ್ತದೆ. ಅಮೆರಿಕದಲ್ಲಿ ನಡೆಯುವ ಅಲಗಿನ ಸ್ಪರ್ಧೆಗಳು, ಟಿ.ವಿ.ಯಲ್ಲಿ ಬರುವವೂ ಸೇರಿದಂತೆ, ಈ ಒಂದು ವಿರೋಧವನ್ನೇ ಬಗೆಬಗೆಯಾಗಿ ಪರೀಕ್ಷಿಸುತ್ತವೆ. ಆದ್ದರಿಂದ ಮುಂದೆ ಹೇಳುವ ಪ್ರತಿಯೊಂದು ಹಂತದಲ್ಲೂ ಒಂದೇ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ: ಗಟ್ಟಿ ಗುರಿಯನ್ನು ಕಡಿದು ಮುಗಿಸಿದ ಮೇಲೆ ನನ್ನ ಚಾಕುವಿನ ಬಾಯಿ ಹೇಗಿರುತ್ತದೆ?

ಮೊದಲು ನಿಯಮ, ಆಮೇಲೆ ಉಕ್ಕು

ಹಿಸ್ಟರಿ ವಾಹಿನಿಯಲ್ಲಿ 2015ರಲ್ಲಿ ಆರಂಭವಾದ ‘ಫೋರ್ಜ್ಡ್ ಇನ್ ಫೈರ್’ ಕಾರ್ಯಕ್ರಮದಲ್ಲಿ ಸ್ಪರ್ಧಿಗಳು ಅಲಗನ್ನು ಸ್ಪರ್ಧೆಯಲ್ಲೇ ತಯಾರಿಸುತ್ತಾರೆ, ಅದನ್ನು ತೀರ್ಪುಗಾರರು ಬೀಸಿ ಪರೀಕ್ಷಿಸುತ್ತಾರೆ. ಗೆದ್ದವರಿಗೆ 10,000 ಡಾಲರ್. ಅದರ ಕವಲಾಗಿ 2018ರಲ್ಲಿ ಬಂದು 2019ರವರೆಗೆ ನಡೆದ ‘ನೈಫ್ ಆರ್ ಡೆತ್’ ಕಾರ್ಯಕ್ರಮದ ರೀತಿ ಬೇರೆಯಾಗಿತ್ತು. ಅಲ್ಲಿ ಸ್ಪರ್ಧಿ ತನ್ನ ಅಲಗನ್ನು ಸಿದ್ಧಪಡಿಸಿಕೊಂಡೇ ಬರುತ್ತಿದ್ದ, ಸಾಲಾಗಿ ಇಟ್ಟ ಗುರಿಗಳ ನಡುವೆ ಗಡಿಯಾರದ ವಿರುದ್ಧ ತಾನೇ ಓಡುತ್ತಿದ್ದ, ಮೊದಲ ಸುತ್ತಿನಲ್ಲಿ ಮುಂದಿದ್ದವರು ‘ಡೆಡ್ ರನ್’ ಎಂಬ ಇನ್ನೂ ಕಠಿಣವಾದ ಸುತ್ತಿಗೆ ಹೋಗುತ್ತಿದ್ದರು. ಕೊನೆಯ ಬಹುಮಾನ 20,000 ಡಾಲರ್ ಆಗಿತ್ತು. ಮಾಜಿ ಕುಸ್ತಿಪಟು ಬಿಲ್ ಗೋಲ್ಡ್‌ಬರ್ಗ್ ಅದರ ನಿರೂಪಕರಾಗಿದ್ದರು. ಮೊದಲನೆಯದರಲ್ಲಿ ಕಮ್ಮಾರನ ಕೈ ಮಾತ್ರ ಪರೀಕ್ಷೆಗೆ ಒಳಗಾದರೆ ಎರಡನೆಯದರಲ್ಲಿ ಕಮ್ಮಾರನ ಕೈಯ ಜೊತೆಗೆ ಬೀಸುವವನ ಕಾಲು, ಕಣ್ಣು, ಉಸಿರು ಎಲ್ಲವೂ ಪರೀಕ್ಷೆಗೆ ಒಳಗಾಗುತ್ತಿದ್ದವು. ಈ ಲೇಖನ ಎರಡನೆಯ ಬಗೆಯ ಸ್ಪರ್ಧೆಯನ್ನು ಕುರಿತದ್ದು.

ಟಿ.ವಿ.ಗಿಂತ ಮುಂಚಿನಿಂದಲೂ ಈ ಆಟವನ್ನು ಕ್ರೀಡೆಯಾಗಿ ನಡೆಸಿಕೊಂಡು ಬಂದ ಸಂಸ್ಥೆಯೆಂದರೆ ಬ್ಲೇಡ್‌ಸ್ಪೋರ್ಟ್ಸ್. ಅದರ ಅಳತೆಗಳನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ: ಅಲಗಿನ ಉದ್ದ 10 ಅಂಗುಲ ಮೀರಬಾರದು, ಅಗಲ 2 ಅಂಗುಲ ಮೀರಬಾರದು, ಹಿಡಿಯೂ ಸೇರಿ ಒಟ್ಟು ಉದ್ದ 15 ಅಂಗುಲ ಮೀರಬಾರದು, ಕೈಗೆ ಕಟ್ಟಿಕೊಳ್ಳುವ ಹುರಿ ಕಡ್ಡಾಯ. ಅಲ್ಲಿ ಕಣಕ್ಕಿಳಿಯುವ ಮೊದಲು ತರಬೇತಿ ಪಡೆದು ಅರ್ಹತೆಯನ್ನೂ ಗಳಿಸಬೇಕು. ಟಿ.ವಿ. ಸ್ಪರ್ಧೆಯ ಅಳತೆ ಇದಕ್ಕಿಂತ ಸಡಿಲವಾಗಿರಬಹುದು. ಅಂಥ ಕಾರ್ಯಕ್ರಮಗಳಲ್ಲಿ ಕುಕ್ರಿಯಿಂದ ಹಿಡಿದು ಉದ್ದ ಕತ್ತಿಯವರೆಗೆ ಎಲ್ಲವೂ ಕಾಣಿಸಿಕೊಂಡಿವೆ. ಹಾಗಿದ್ದರೂ ಮೊದಲ ಬಾರಿಗೆ ಇಳಿಯುವವರಿಗೆ ನನ್ನ ಸಲಹೆ ಏನೆಂದರೆ, ಬ್ಲೇಡ್‌ಸ್ಪೋರ್ಟ್ಸ್ ಅಳತೆಯೊಳಗೇ ಚಾಕು ಮಾಡಿ. ಉದ್ದ ಕತ್ತಿ ಗುರಿಯಾಗಿ ತೂಗುಬಿಡುವ ಮೀನಿಗೂ ಹಗ್ಗಕ್ಕೂ ಒಳ್ಳೆಯದು, ಮರದ ಮುಂದೆ ಬಂದಾಗ ಅದೇ ಉದ್ದ ಭಾರವಾಗುತ್ತದೆ. ಅಲ್ಲದೆ ಈ ಅಳತೆಯ ಚಾಕುವನ್ನು ಇದಕ್ಕಿಂತ ಸಡಿಲ ಅಳತೆಯ ಸ್ಪರ್ಧೆಗೂ ಒಯ್ಯಬಹುದು.

ನಿಯಮಾವಳಿ ಕೈಗೆ ಬಂದಾಗ ಉದ್ದಗಲಗಳ ಜೊತೆಗೆ ಇನ್ನೂ ಮೂರು ವಿಷಯಗಳನ್ನು ಹುಡುಕಿ. ಚಾಕು ಸ್ಪರ್ಧಿಯ ಕೈಯಿಂದಲೇ ತಯಾರಾಗಿರಬೇಕೇ, ಸುತ್ತುಗಳ ನಡುವೆ ಸಾಣೆ ಹಿಡಿಯಲು ಅವಕಾಶವಿದೆಯೇ, ಚಾಕುವಿನಲ್ಲಿ ಎಂಥ ಹಾನಿ ಕಂಡರೆ ಸ್ಪರ್ಧೆಯಿಂದ ಹೊರಗೆ ಕಳಿಸುತ್ತಾರೆ ಎಂಬುವೇ ಆ ಮೂರು. ಎರಡನೆಯದಕ್ಕೆ ‘ಇಲ್ಲ’ ಎಂದಿದ್ದರೆ ಬಾಯಿಯ ಕೋನವನ್ನು ಒಂದೆರಡು ಡಿಗ್ರಿ ಹೆಚ್ಚಿಸಿಕೊಳ್ಳುವುದು ಜಾಣತನ.

ಉಕ್ಕಿನ ಆಯ್ಕೆ

ಕಬ್ಬಿಣದೊಂದಿಗೆ ಆಡುವವರು ಉಕ್ಕಿನ ಹೆಸರುಗಳ ಬಗ್ಗೆ ಗಂಟೆಗಟ್ಟಲೆ ವಾದಿಸಬಲ್ಲರು. ಸ್ಪರ್ಧೆಯ ದೃಷ್ಟಿಯಿಂದ ವಾದವನ್ನು ಚಿಕ್ಕದಾಗಿ ಮುಗಿಸಬಹುದು. ನಿಮ್ಮ ಬಳಿ ಕುಲುಮೆ, ಎಣ್ಣೆಯ ತೊಟ್ಟಿ ಮತ್ತು ಅಡುಗೆಮನೆಯ ಓವನ್ ಮಟ್ಟದ ಸಲಕರಣೆ ಮಾತ್ರ ಇದ್ದರೆ 1084 ಅಥವಾ 5160 ಎಂಬ ಅಂಕಿಯಿಂದ ಕರೆಯುವ ಉಕ್ಕನ್ನು ಆರಿಸಿಕೊಳ್ಳಿ. 1084ರಲ್ಲಿ ಇಂಗಾಲ ಸುಮಾರು 0.84 ಶೇಕಡಾ ಇರುತ್ತದೆ. ಅದು ಹೊಸಬರ ಸಣ್ಣಪುಟ್ಟ ತಪ್ಪುಗಳನ್ನು ಕ್ಷಮಿಸುತ್ತದೆ. 5160 ವಾಹನಗಳ ಸ್ಪ್ರಿಂಗ್ ಪಟ್ಟಿಯ ಉಕ್ಕು. ಇಂಗಾಲ ಸುಮಾರು 0.6 ಶೇಕಡಾ, ಏಟು ತಡೆಯುವ ಶಕ್ತಿ ಹೆಚ್ಚು, ಬಾಯಿಯ ಬಾಳಿಕೆ ತುಸು ಕಡಿಮೆ. ಹದ ಹಾಕುವುದರಲ್ಲಿ, ಅಂದರೆ ಉಕ್ಕನ್ನು ಕಾಯಿಸಿ ತಣಿಸಿ ಬೇಕಾದ ಗಡಸುತನ ಕೊಡುವುದರಲ್ಲಿ, ಕೈ ಪಳಗಿದವರಿಗೆ ಬೇರಿಂಗ್ ಉಕ್ಕಾದ 52100 ಇವೆರಡಕ್ಕಿಂತ ಉತ್ತಮ.

ಸ್ಪರ್ಧೆಯನ್ನೇ ವೃತ್ತಿಯಂತೆ ತೆಗೆದುಕೊಂಡವರ ಕೈಯಲ್ಲಿ ಹೆಚ್ಚಾಗಿ ಕಾಣುವುದು ಸಿಪಿಎಂ-ಎಂ4. ಇದು ಪುಡಿ ಲೋಹ ವಿಧಾನದಿಂದ ತಯಾರಾಗುವ ಅತಿವೇಗದ ಉಪಕರಣ ಉಕ್ಕು. ಇದರಲ್ಲಿರುವ ಸುಮಾರು 4 ಶೇಕಡಾ ವನೇಡಿಯಂ ಬಾಯಿಯನ್ನು ಬಹುಕಾಲ ಚೂಪಾಗಿ ಇಡುತ್ತದೆ. ಆದರೆ ಇದಕ್ಕೆ 1,100 ಡಿಗ್ರಿ ಸೆಲ್ಸಿಯಸ್ಸಿಗೂ ಮೀರಿದ ಬಿಸಿಯನ್ನು ನಿಖರವಾಗಿ ಕೊಡಬಲ್ಲ ಕುಲುಮೆ ಬೇಕು, ಮೂರು ಬಾರಿ ಹದ ಇಳಿಸಬೇಕು (ಗಟ್ಟಿಯಾದ ಉಕ್ಕನ್ನು ಮತ್ತೆ ಮಿತವಾಗಿ ಕಾಯಿಸಿ ಬಿರುಸು ಕಡಿಮೆ ಮಾಡಬೇಕು). ಅಷ್ಟು ಸಲಕರಣೆ ಇಲ್ಲದವರು ಅಲಗಿನ ಆಕಾರ ಕೊಟ್ಟು, ಹದ ಹಾಕುವ ಕೆಲಸವನ್ನು ಅದರಲ್ಲೇ ನುರಿತ ಕಾರ್ಖಾನೆಗೆ ಒಪ್ಪಿಸುವುದು ಅವಮಾನದ ಮಾತಲ್ಲ, ನಿಯಮ ಒಪ್ಪಿದರೆ ಸಾಕು. ಏಟಿನ ಭಯವೇ ಹೆಚ್ಚಿದ್ದರೆ ಸಿಪಿಎಂ 3ವಿ ಇದೆ. ಅದು ಚಕ್ಕೆ ಏಳುವುದು ಅಪರೂಪ.

ಬಾಯಿ ಎರಡು ರೀತಿಯಲ್ಲಿ ಕೆಡುತ್ತದೆ ಎಂಬುದನ್ನು ಇಲ್ಲೇ ತಿಳಿದುಕೊಳ್ಳಬೇಕು. ಉಕ್ಕು ಮೆದುವಾಗಿದ್ದರೆ ಏಟಿಗೆ ಬಾಯಿ ಮಡಚಿಕೊಳ್ಳುತ್ತದೆ, ಬಿರುಸಾಗಿದ್ದರೆ ಮುಕ್ಕಾಗುತ್ತದೆ. ಮಡಚಿದ ಬಾಯಿ ಆ ಸುತ್ತನ್ನು ಹೇಗೋ ಮುಗಿಸೀತು, ಸ್ಟ್ರಾ ಮಾತ್ರ ಕೊಯ್ಯಲಾರದು. ಸಣ್ಣ ಮುಕ್ಕು ಬಿದ್ದ ಬಾಯಿ ಕೆಲವೊಮ್ಮೆ ಹಗ್ಗವನ್ನು ಇನ್ನೂ ಚೆನ್ನಾಗಿಯೇ ಕೊಯ್ಯುತ್ತದೆ, ಆದರೆ ಮುಕ್ಕಿನ ಬುಡದಿಂದ ಬಿರುಕು ಹೊರಟರೆ ಅಲಗೇ ಹೋಗುತ್ತದೆ. ಹೊಸಬರು ಬಿರುಸಿನ ಕಡೆಗಿಂತ ಮೆದುವಿನ ಕಡೆಗೆ ಒಂದು ಹೆಜ್ಜೆ ತಪ್ಪುವುದು ಮೇಲು.

ಹದ

ಚಾಕುವಿನ ಹಣೆಬರಹ ಬರೆಯುವ ಘಳಿಗೆ ಇದು. 1084 ಉಕ್ಕನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಬಡಿದು ಆಕಾರ ಕೊಟ್ಟ ಅಲಗಿನೊಳಗೆ ಹರಳುಗಳು ದಪ್ಪವಾಗಿ ಬೆಳೆದಿರುತ್ತವೆ; ಅದನ್ನು ಹದವಾಗಿ ಕೆಂಪಗೆ ಕಾಯಿಸಿ ಗಾಳಿಯಲ್ಲಿ ಕಪ್ಪಾಗುವವರೆಗೆ ಆರಿಸುವ ಕೆಲಸವನ್ನು ಮೂರು ಸಲ, ಪ್ರತಿ ಸಲವೂ ಬಿಸಿಯನ್ನು ತುಸು ಇಳಿಸುತ್ತಾ ಮಾಡಿದರೆ ಹರಳು ಸಣ್ಣದಾಗುತ್ತದೆ. ಅವಸರದವರು ಬಿಟ್ಟುಬಿಡುವ ಹಂತ ಇದೇ, ಮುಕ್ಕಾದ ಬಾಯಿಗಳಲ್ಲಿ ಎಷ್ಟೋ ಇಲ್ಲಿಂದಲೇ ಹುಟ್ಟುತ್ತವೆ.

ಆಮೇಲೆ ಗಟ್ಟಿಗೊಳಿಸುವುದು. ಉಕ್ಕು ಸುಮಾರು 770 ಡಿಗ್ರಿಯಲ್ಲಿ ಅಯಸ್ಕಾಂತಕ್ಕೆ ಅಂಟುವುದನ್ನು ನಿಲ್ಲಿಸುತ್ತದೆ. 1084ಕ್ಕೆ ಬೇಕಾದದ್ದು ಅದಕ್ಕಿಂತ ತುಸು ಮೇಲೆ, ಸುಮಾರು 815 ಡಿಗ್ರಿ. ಕಣ್ಣಂದಾಜು ಮಾಡುವವರು ಕೋಣೆಯನ್ನು ಕತ್ತಲು ಮಾಡಿಕೊಳ್ಳಬೇಕು, ಏಕೆಂದರೆ ಬಿಸಿಲಿನಲ್ಲಿ ಕೆಂಪು ಸುಳ್ಳು ಹೇಳುತ್ತದೆ. ಅಲಗಿನ ಉದ್ದಕ್ಕೂ ಬಣ್ಣ ಒಂದೇ ಆದಾಗ ತಡಮಾಡದೆ ಬೆಚ್ಚಗಿನ ಎಣ್ಣೆಯೊಳಗೆ ನೇರವಾಗಿ ಇಳಿಸಿ. ಪಕ್ಕಕ್ಕೆ ಅಲುಗಾಡಿಸಿದರೆ ಅಲಗು ಸೊಟ್ಟಗಾಗುತ್ತದೆ. ಮುಂದಕ್ಕೂ ಹಿಂದಕ್ಕೂ ಮಾತ್ರ ಆಡಿಸಬಹುದು. ಎಣ್ಣೆಗೆ ಬೆಂಕಿ ಹತ್ತಬಹುದಾದ್ದರಿಂದ ತೊಟ್ಟಿಗೆ ಲೋಹದ ಮುಚ್ಚಳ ಪಕ್ಕದಲ್ಲೇ ಇರಲಿ, ಆ ಬೆಂಕಿಗೆ ನೀರು ಮಾತ್ರ ಹಾಕಲೇಬಾರದು. ಆರಿದ ಮೇಲೆ ಅರವನ್ನು ಬಾಯಿಯ ಮೇಲೆ ಎಳೆದು ನೋಡಿ. ಅದು ಕಚ್ಚದೆ ಗಾಜಿನ ಮೇಲೆ ಜಾರಿದಂತೆ ಜಾರಬೇಕು.

ಈ ಹಂತದಲ್ಲಿ ಅಲಗು ಕೆಳಗೆ ಬಿದ್ದರೂ ಒಡೆಯುವಷ್ಟು ಬಿರುಸಾಗಿರುತ್ತದೆ. ಆದ್ದರಿಂದ ಅದೇ ದಿನ, ಸಾಧ್ಯವಾದರೆ ಅದೇ ಗಂಟೆಯಲ್ಲಿ, ಸುಮಾರು 200ರಿಂದ 220 ಡಿಗ್ರಿಯ ಓವನ್ನಿನಲ್ಲಿ ಎರಡು ಗಂಟೆಯಂತೆ ಎರಡು ಬಾರಿ ಇಟ್ಟು ಹದ ಇಳಿಸಿ. ಓವನ್ನಿನ ಗುಂಡಿಯ ಮೇಲೆ ಬರೆದ ಅಂಕಿಯನ್ನು ನಂಬದೆ ಒಳಗೆ ಬೇರೆ ತಾಪಮಾಪಕ ಇಡಿ. ಕಡಿಯುವ ಚಾಕುವಿಗೆ 58 ಎಚ್‌ಆರ್‌ಸಿ (ರಾಕ್‌ವೆಲ್ ಸಿ ಎಂಬ ಗಡಸುತನದ ಮಾಪಕದ ಅಂಕಿ) ಸುತ್ತಮುತ್ತಲಿನ ಗಡಸುತನ ಸಾಕು. ಅಲಗಿನ ಬೆನ್ನನ್ನು (ಬಾಯಿಗೆ ಎದುರಿನ ದಪ್ಪ ಅಂಚನ್ನು) ಮಾತ್ರ ಇನ್ನಷ್ಟು ಕಾಯಿಸಿ, ಬಾಯಿಯನ್ನು ನೀರಿನಲ್ಲಿಟ್ಟು ಕಾಪಾಡಿಕೊಂಡು, ಬೆನ್ನಿನ ಬಣ್ಣ ನೀಲಿಗೆ ತಿರುಗುವವರೆಗೆ ಹದ ಇಳಿಸಿದರೆ ಅಲಗಿಗೆ ಏಟು ನುಂಗುವ ಗುಣ ಬರುತ್ತದೆ.

ಒಂದು ಚಾಕುವಿಗೆ ಹೊರಟವರು ಎರಡು ಮಾಡಿ. ಒಂದೇ ಪಟ್ಟಿಯಿಂದ ತೆಗೆದ, ಒಂದೇ ದಿನ ಹದ ಕಂಡ ಜೋಡಿ ಅಲಗನ್ನು ಸ್ಪರ್ಧೆಗೆ ಮುನ್ನ ಬೇಕೆಂದೇ ಮುರಿಯಬೇಕು. ಮುರಿದ ಜಾಗ ಬೂದು ಬಣ್ಣದ ಮಖಮಲ್ಲಿನಂತೆ ನುಣುಪಾಗಿದ್ದರೆ ಹದ ಸರಿಯಾಗಿದೆ. ಸಕ್ಕರೆಯ ಹರಳಿನಂತೆ ಮಿನುಗಿದರೆ ಉಕ್ಕು ಅತಿಯಾಗಿ ಕಾದಿದೆ, ಅದರ ಜೋಡಿಯನ್ನು ಕಣಕ್ಕೆ ಒಯ್ಯಬೇಡಿ. ಕರುಳು ಚುರ್ ಎನ್ನಿಸುವ ಕೆಲಸ, ನಿಜ. ಕ್ಯಾಮೆರಾದ ಮುಂದೆ ಮುರಿಯುವುದಕ್ಕಿಂತ ವಾಸಿ.

ಆಕಾರ, ತೂಕ ಮತ್ತು ಬಾಯಿ

ಹತ್ತು ಅಂಗುಲದ ಅಲಗಿಗೆ ಬೆನ್ನಿನ ದಪ್ಪ ಹಿಡಿಯ ಬಳಿ ಸುಮಾರು 6 ಮಿಲಿಮೀಟರ್ ಇರಲಿ. ಪೂರ್ತಿ ಸಿದ್ಧವಾದ ಚಾಕು 550ರಿಂದ 700 ಗ್ರಾಂ ಒಳಗೆ ತೂಗಿದರೆ ಮರಕ್ಕೂ ಸಾಕು, ಮಣಿಕಟ್ಟಿಗೂ ಹೊರೆಯಾಗದು. ತೂಕದ ನಡುಬಿಂದು ಹಿಡಿಯಿಂದ ಒಂದೆರಡು ಅಂಗುಲ ಮುಂದಿರಬೇಕು. ಇನ್ನೂ ಮುಂದೆ ಹೋದರೆ ಏಟು ಭಾರಿಯಾಗುತ್ತದೆ, ಆದರೆ ಸ್ಟ್ರಾವಿನ ಮುಂದೆ ಚಾಕು ನಿಮ್ಮ ಮಾತು ಕೇಳುವುದಿಲ್ಲ. ಮೊನೆ ಚೂಪಾಗಿರುವ ಅಗತ್ಯವೇ ಇಲ್ಲ. ಚಚ್ಚೌಕದ ತುದಿಯಿದ್ದರೆ ಅಷ್ಟೂ ಉದ್ದ ಕೆಲಸಕ್ಕೆ ಬರುತ್ತದೆ, ತೊಡೆಗೆ ಚುಚ್ಚುವ ಅಪಾಯವೂ ಕಡಿಮೆ. ನೋಡಲು ಅಷ್ಟೇನೂ ಚೆಂದವಿರುವುದಿಲ್ಲ ಎಂಬ ಒಂದೇ ದೂರು.

ಬಾಯಿಯ ಜ್ಯಾಮಿತಿಯಲ್ಲಿ ಎರಡು ಅಳತೆಗಳು ಮುಖ್ಯ. ಅಂತಿಮ ಬಾಯಿ ಆರಂಭವಾಗುವ ಜಾಗದ ಹಿಂದೆ ಉಕ್ಕು ಎಷ್ಟು ದಪ್ಪವಾಗಿದೆ ಎಂಬುದು ಒಂದು; ಬಾಯಿಯ ಕೋನ ಎಷ್ಟು ಎಂಬುದು ಇನ್ನೊಂದು. ಹೊಸಬರು ಸುಮಾರು 0.7 ಮಿಲಿಮೀಟರ್ ದಪ್ಪದಿಂದ, ಒಂದು ಬದಿಗೆ 20 ಡಿಗ್ರಿ ಕೋನದಿಂದ ಆರಂಭಿಸಿ, ಪರೀಕ್ಷೆಯಲ್ಲಿ ಬಾಯಿ ಗಟ್ಟಿಯಾಗಿ ನಿಂತರೆ ಪ್ರತಿ ಸಲ ಸ್ವಲ್ಪ ಸ್ವಲ್ಪ ತೆಳುವಾಗಿಸುತ್ತಾ ಹೋಗಬೇಕು. ತೆಳುವಾಗಿಸಿದ್ದನ್ನು ಮತ್ತೆ ದಪ್ಪ ಮಾಡಲಾಗದು ಎಂಬ ಸರಳ ಕಾರಣಕ್ಕೆ ಈ ಕ್ರಮವನ್ನು ತಿರುಗುಮುರುಗು ಮಾಡಬಾರದು. ಬದಿಗಳು ಅಕ್ಕಿಕಾಳಿನ ಮೈಯಂತೆ ತುಸು ಉಬ್ಬಿದ್ದರೆ ಮರದಲ್ಲಿ ಅಲಗು ಸಿಕ್ಕಿಕೊಳ್ಳುವುದಿಲ್ಲ, ಚಕ್ಕೆಯನ್ನು ತಾನಾಗಿಯೇ ಪಕ್ಕಕ್ಕೆ ತಳ್ಳುತ್ತದೆ. ಹದ ಹಾಕಿದ ಅಲಗನ್ನು ಬೆಲ್ಟ್ ಗ್ರೈಂಡರಿನಲ್ಲಿ ಉಜ್ಜುವಾಗ ಬರಿಗೈಯಲ್ಲಿ ಹಿಡಿದು, ಬಿಸಿಯೆನಿಸಿದ ಕೂಡಲೇ ನೀರಿಗೆ ಅದ್ದಿ. ಬಾಯಿಯಲ್ಲಿ ನೀಲಿ ಬಣ್ಣ ಕಾಣಿಸಿಕೊಂಡರೆ ಅಲ್ಲಿಯ ಹದ ಹೋಯಿತೆಂದೇ ಅರ್ಥ.

ಹಿಡಿ ಮತ್ತು ಹುರಿ

ಹಿಡಿಯ ತುದಿಯವರೆಗೂ ಅಲಗಿನ ಉಕ್ಕೇ ಮುಂದುವರಿದಿರಲಿ. ಎರಡು ಬದಿಗೆ ಮೈಕಾರ್ಟಾ ಅಥವಾ ಜಿ-10 (ಬಟ್ಟೆ ಅಥವಾ ಗಾಜಿನ ನಾರನ್ನು ರಾಳದಲ್ಲಿ ಒತ್ತಿ ಮಾಡಿದ ಗಟ್ಟಿ ಹಾಳೆ) ತಟ್ಟೆಗಳನ್ನು ಎಪಾಕ್ಸಿ ಅಂಟಿನಿಂದ ಕೂರಿಸಿ, ಅಂಟನ್ನೊಂದೇ ನಂಬದೆ ಕನಿಷ್ಠ ಮೂರು ಪಿನ್ ಅಥವಾ ಬೋಲ್ಟ್ ಹಾಕಿ. ಇವುಗಳ ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು, ಉಜ್ಜುವಾಗ ಮುಖವಾಡ ಬೇಡವೆನ್ನಬೇಡಿ. ಹಿಡಿಯ ಅಡ್ಡ ಸೀಳು ದುಂಡಗಿರದೆ ಮೊಟ್ಟೆಯಾಕಾರದಲ್ಲಿರಬೇಕು. ಆಗ ಕಣ್ಣು ಮುಚ್ಚಿದ್ದರೂ ಬಾಯಿ ಯಾವ ಕಡೆ ಇದೆಯೆಂದು ಅಂಗೈಗೆ ಗೊತ್ತಾಗುತ್ತದೆ. ಮೀನು, ನೀರು, ಬೆವರು ಎಲ್ಲ ಸೇರಿದಾಗ ನುಣುಪಾದ ಹಿಡಿ ಸಾಬೂನಾಗುತ್ತದೆ. ಹೊಳಪು ಕೊಡುವ ಆಸೆಯನ್ನು ತಡೆದುಕೊಂಡು ಒರಟು ಉಜ್ಜುಕಾಗದದಲ್ಲೇ ನಿಲ್ಲಿಸಿ.

ಹುರಿಯ ಉದ್ದೇಶ, ಬೆರಳು ಸಡಿಲವಾದರೂ ಚಾಕು ಕೈಯನ್ನು ಬಿಟ್ಟು ಹಾರದಂತೆ ತಡೆಯುವುದು. ಉದ್ದವಾದ ಹುರಿ ಹುರಿಯೇ ಇಲ್ಲದ್ದಕ್ಕಿಂತ ಅಪಾಯಕಾರಿ, ಏಕೆಂದರೆ ಜಾರಿದ ಚಾಕು ತಿರುಗಿ ಬಂದು ಮುಂಗೈಗೇ ಬಡಿಯುತ್ತದೆ. ಕೈ ತೆರೆದಾಗಲೂ ಹಿಡಿ ಅಂಗೈಗೆ ತಾಗಿಕೊಂಡೇ ಇರುವಷ್ಟು ಗಿಡ್ಡವಾಗಿ ಕಟ್ಟಿ, ಪ್ರತಿ ಅಭ್ಯಾಸದ ಮೊದಲು ಗಂಟನ್ನು ಎಳೆದು ನೋಡಿ.

ಮನೆಯ ಪರೀಕ್ಷೆ

ಬಿಲ್ ಮೊರಾನ್ ಮತ್ತು ಅವರ ಸಂಗಡಿಗರು 1976ರಲ್ಲಿ ಹುಟ್ಟುಹಾಕಿದ ಅಮೆರಿಕನ್ ಬ್ಲೇಡ್‌ಸ್ಮಿತ್ ಸೊಸೈಟಿಯು ತನ್ನ ಸದಸ್ಯರಿಗೆ ಒಡ್ಡುವ ಪರೀಕ್ಷೆ ನಮ್ಮ ಕೆಲಸಕ್ಕೂ ಚೆನ್ನಾಗಿ ಹೊಂದುತ್ತದೆ. ಮೊದಲು ನೇತುಬಿಟ್ಟ ಒಂದು ಅಂಗುಲ ದಪ್ಪದ ಹಗ್ಗವನ್ನು ಒಂದೇ ಏಟಿಗೆ ಕತ್ತರಿಸಬೇಕು. ನಂತರ ‘ಟೂ-ಬೈ-ಫೋರ್’ ಎಂಬ ಕಟ್ಟಡದ ಮರವನ್ನು ಎರಡು ಬಾರಿ ಕಡಿದು ತುಂಡು ಮಾಡಬೇಕು. ಆಮೇಲೆ ಮರ ಕಡಿದ ಅದೇ ಭಾಗದಿಂದ ಕೈಯ ಕೂದಲನ್ನು ಬೋಳಿಸಿ ತೋರಿಸಬೇಕು. ಕೊನೆಗೆ ಅಲಗನ್ನು ವೈಸ್‌ನಲ್ಲಿ ಬಿಗಿದು 90 ಡಿಗ್ರಿ ಬಗ್ಗಿಸಬೇಕು. ಗಮನಿಸಿ, ಬೋಳಿಸುವುದು ಮರದ ನಂತರ. ನಾನು ಆರಂಭದಲ್ಲಿ ಹೇಳಿದ ಪ್ರಶ್ನೆಯನ್ನೇ ಈ ಪರೀಕ್ಷೆಯ ಕ್ರಮವೂ ಕೇಳುತ್ತಿದೆ. ಸ್ಪರ್ಧೆಯ ಚಾಕುವನ್ನು ಬಗ್ಗಿಸುವುದು ಬೇಡ, ಉಳಿದ ಮೂರನ್ನು ತಪ್ಪದೆ ಮಾಡಿ. ಅದಕ್ಕೂ ಮೊದಲು ತೆಳುವಾದ ಹಿತ್ತಾಳೆಯ ಸರಳಿನ ಮೇಲೆ ಬಾಯಿಯನ್ನು ಓರೆಯಾಗಿ ಒತ್ತಿ ಎಳೆಯಿರಿ. ಬೆಳಕಿನಲ್ಲಿ ನೋಡಿದರೆ ಬಾಯಿ ತುಸು ಬಾಗಿ ಮತ್ತೆ ನೆಟ್ಟಗಾಗುವುದು ಕಾಣಬೇಕು. ಬಾಗಿದ್ದು ಹಾಗೆಯೇ ಉಳಿದರೆ ಮೆದು, ಚಕ್ಕೆ ಎದ್ದರೆ ಬಿರುಸು.

ಕಡಿ, ಕೊಯ್ಯಿ, ಸೀಳು

ನಮ್ಮ ಭಾಷೆಯ ಈ ಮೂರು ಮಾತುಗಳು ಸ್ಪರ್ಧೆಯ ಗುರಿಗಳನ್ನು ತಾವಾಗಿಯೇ ವಿಂಗಡಿಸಿಕೊಡುತ್ತವೆ. ಗುರಿಯ ಮುಂದೆ ನಿಂತಾಗ ಇದು ಮೂರರಲ್ಲಿ ಯಾವುದು ಎಂದು ಮೊದಲು ನಿರ್ಧರಿಸಿ, ಬೀಸುವ ರೀತಿ ಅದನ್ನು ಹಿಂಬಾಲಿಸುತ್ತದೆ.

ಕಡಿಯುವುದಕ್ಕೆ ಮಾದರಿ ‘ಟೂ-ಬೈ-ಫೋರ್’. ಹೆಸರಿನಲ್ಲಿ ಎರಡು ಮತ್ತು ನಾಲ್ಕು ಇದ್ದರೂ ಅದರ ನಿಜವಾದ ಅಳತೆ ಒಂದೂವರೆ ಮತ್ತು ಮೂರೂವರೆ ಅಂಗುಲ. ಅದನ್ನು ನೇರವಾಗಿ ಮೇಲಿನಿಂದ ಬಡಿದರೆ ಅಲಗು ಒಳಗೆ ಕಚ್ಚಿಕೊಂಡು ನಿಲ್ಲುತ್ತದೆ. ಎಡದಿಂದ ಒಂದು ಓರೆ ಏಟು, ಬಲದಿಂದ ಒಂದು ಓರೆ ಏಟು ಕೊಟ್ಟರೆ ನಡುವಿನ ಚಕ್ಕೆ ಹಾರುತ್ತದೆ. ಹೀಗೆ ಅಗಲವಾದ ಕಣಿವೆಯನ್ನು ತೋಡುತ್ತಾ ಕೆಳಗಿಳಿಯಬೇಕು. ಆರಂಭದಲ್ಲೇ ಕಣಿವೆಯ ಬಾಯಿಯನ್ನು ಮರದ ದಪ್ಪದಷ್ಟು ಅಗಲವಾಗಿ ತೆರೆಯದಿದ್ದರೆ ಕೊನೆಯ ಅರ್ಧ ಅಂಗುಲದಲ್ಲಿ ಏಟಿಗೆ ಜಾಗವೇ ಉಳಿಯುವುದಿಲ್ಲ. ಸಿಕ್ಕಿಕೊಂಡ ಅಲಗನ್ನು ಪಕ್ಕಕ್ಕೆ ತಿರುಚುವುದು ಬಾಯಿ ಕೆಡಿಸುವ ಅತ್ಯಂತ ಖಚಿತವಾದ ದಾರಿ. ಬಂದ ದಾರಿಯಲ್ಲೇ ಮೇಲಕ್ಕೆ ಎಳೆಯಿರಿ. ಗಂಟು ಕಂಡರೆ ಅದರಿಂದ ಎರಡು ಅಂಗುಲ ಆಚೆ ಕಡಿಯಲು ನಿಯಮ ಬಿಡುತ್ತದೆಯೇ ನೋಡಿ, ಬಿಟ್ಟರೆ ಹಾಗೆಯೇ ಮಾಡಿ.

ಅಲಗಿನ ಯಾವ ಜಾಗದಿಂದ ಕಡಿಯಬೇಕು ಎಂಬುದನ್ನು ಊಹಿಸಬೇಕಾಗಿಲ್ಲ. ಹಿಡಿಯನ್ನು ಎರಡು ಬೆರಳಲ್ಲಿ ಸಡಿಲವಾಗಿ ಹಿಡಿದು, ಅಲಗಿನ ಬೆನ್ನನ್ನು ಮರದ ತುಂಡಿನಿಂದ ಬುಡದಿಂದ ತುದಿಯವರೆಗೆ ತಟ್ಟುತ್ತಾ ಹೋಗಿ. ಕೆಲವು ಜಾಗದಲ್ಲಿ ಹಿಡಿ ಜುಮ್ಮೆನ್ನುತ್ತದೆ. ಒಂದು ಜಾಗದಲ್ಲಿ ಮಾತ್ರ ಕಂಪನ ಕೈಗೆ ಬರುವುದೇ ಇಲ್ಲ. ಅಲ್ಲಿ ಮಾರ್ಕರಿನಿಂದ ಗೆರೆ ಎಳೆಯಿರಿ. ಮರಕ್ಕೆ ಆ ಜಾಗ. ಅದಕ್ಕಿಂತ ಮುಂದಿನ ಎರಡು ಮೂರು ಅಂಗುಲವನ್ನು ಮರಕ್ಕೆ ತಾಗಿಸದೆ ಸ್ಟ್ರಾ, ಬಾಟಲಿ, ಮೀನಿಗಾಗಿ ಕಾಪಾಡಿಕೊಳ್ಳಿ. ಗಟ್ಟಿ ಗುರಿಯ ನಂತರ ಬಾಯಿ ಹೇಗಿರುತ್ತದೆ ಎಂಬ ಪ್ರಶ್ನೆಗೆ ಕೈಚಳಕದಿಂದ ಕೊಡಬಹುದಾದ ಉತ್ತರ ಇದು: ಒಂದೇ ಅಲಗಿನಲ್ಲಿ ಎರಡು ಬಾಯಿ ಇಟ್ಟುಕೊಳ್ಳುವುದು.

ಕೊಯ್ಯುವ ಗುರಿಗಳಲ್ಲಿ ನೇತುಬಿಟ್ಟ ಹಗ್ಗ ಮುಖ್ಯವಾದದ್ದು. ಹಗ್ಗಕ್ಕೆ ಹಿಂದೆ ಆಸರೆಯಿಲ್ಲ. ತಳ್ಳಿದರೆ ಅದು ಅಲಗಿನ ಜೊತೆಗೇ ಹೋಗುತ್ತದೆ. ಮೇಲಿನಿಂದ ಕೆಳಕ್ಕೆ ಓರೆಯಾಗಿ, ತಗಲುವ ಕ್ಷಣದಲ್ಲಿ ಮೊಣಕೈಯನ್ನು ಹಿಂದಕ್ಕೆ ಸೆಳೆಯುತ್ತಾ ಬೀಸಬೇಕು. ಬಲಕ್ಕಿಂತ ವೇಗ ಮುಖ್ಯ, ವೇಗಕ್ಕಿಂತ ಬಾಯಿಯ ನೇರ ಮುಖ್ಯ. ಬೆನ್ನು ಮತ್ತು ಬಾಯಿ ಬೀಸಿನ ದಾರಿಯಲ್ಲೇ ಒಂದರ ಹಿಂದೆ ಒಂದು ಇಲ್ಲದಿದ್ದರೆ ಎಷ್ಟು ಚೂಪಾದ ಚಾಕುವೂ ಹಗ್ಗವನ್ನು ಬಡಿಯುತ್ತದೆಯೇ ಹೊರತು ಕೊಯ್ಯುವುದಿಲ್ಲ. ತೂಗುವ ಮೀನಿಗೂ ಇದೇ ಮಾತು. ಅದಕ್ಕೆ ತೂಕವಿರುವುದರಿಂದ ಅಷ್ಟು ಓಡಿಹೋಗುವುದಿಲ್ಲ, ಬೆನ್ನೆಲುಬು ಸಿಗುವ ಕ್ಷಣದಲ್ಲಿ ಕೈ ಸಡಿಲವಾಗದಂತೆ ನೋಡಿಕೊಳ್ಳಬೇಕು. ನೀರು ತುಂಬಿದ ಪ್ಲಾಸ್ಟಿಕ್ ಬಾಟಲಿಗಳ ಸಾಲನ್ನು ಅಡ್ಡಲಾಗಿ ಕೊಯ್ಯುವಾಗ ಬೀಸು ಕೊನೆಯ ಬಾಟಲಿಯಲ್ಲಿ ಮುಗಿಯುವಂತಿದ್ದರೆ ಕೊನೆಯದು ಖಂಡಿತ ಉರುಳುತ್ತದೆ. ಅದರಾಚೆ ಇನ್ನೂ ಎರಡು ಬಾಟಲಿ ಇವೆಯೆಂದು ಭಾವಿಸಿ ಬೀಸಿ. ಸ್ಟ್ರಾವಿಗೆ ಶಕ್ತಿ ಬೇಡವೇ ಬೇಡ. ಭುಜ ಸಡಿಲ, ಹಿಡಿತ ಹಗುರ, ಮಣಿಕಟ್ಟಿನ ಚುರುಕು. ಆಗಷ್ಟೇ ಮರ ಕಡಿದು ಬಂದವನ ಭುಜ ಕಲ್ಲಾಗಿರುತ್ತದೆ, ತೊಂದರೆ ಅಲ್ಲಿದೆ. ಒಂದು ಪೂರ್ತಿ ಉಸಿರು ಬಿಡಲು ತಗಲುವ ಎರಡು ಸೆಕೆಂಡನ್ನು ಈ ಜಾಗದಲ್ಲಿ ಧಾರಾಳವಾಗಿ ಖರ್ಚು ಮಾಡಿ.

ಸೀಳುವ ಗುರಿಗಳೆಂದರೆ ಮಂಜುಗಡ್ಡೆ, ತೆಂಗಿನಕಾಯಿ, ನಿಲ್ಲಿಸಿದ ಬಿದಿರು. ಮಂಜುಗಡ್ಡೆಯನ್ನು ಕತ್ತರಿಸಲು ಹೋಗಬೇಡಿ, ಒಡೆಯಿರಿ. ಒಂದೇ ಗೆರೆಯ ಮೇಲೆ ಬಿದ್ದ ನಾಲ್ಕು ಏಟು ಎಲ್ಲೆಲ್ಲೋ ಬಿದ್ದ ಹತ್ತಕ್ಕಿಂತ ಮೇಲು. ತೆಂಗಿನಕಾಯಿಯ ದುಂಡು ಮೈಮೇಲೆ ಏಟು ನಡುಗೆರೆಯಿಂದ ತುಸು ಸರಿದರೂ ಅಲಗು ಜಾರಿ ಮೊಣಕಾಲಿನ ಕಡೆಗೆ ಬರುತ್ತದೆ. ಆದ್ದರಿಂದ ಕಾಲುಗಳನ್ನು ಅಗಲಿಸಿ, ಬೀಸು ಮುಗಿಯುವ ದಾರಿಯಲ್ಲಿ ದೇಹದ ಯಾವ ಭಾಗವೂ ಇರದಂತೆ ನಿಲ್ಲುವುದನ್ನು ಅಭ್ಯಾಸದಲ್ಲೇ ರೂಢಿಸಿಕೊಳ್ಳಿ. ಬಿದಿರನ್ನು ಅಡ್ಡ ಕತ್ತರಿಸಬೇಕಾದರೆ ಗೆಣ್ಣನ್ನು ಬಿಟ್ಟು ನಡುವೆ, ಸುಮಾರು 45 ಡಿಗ್ರಿ ಓರೆಯಲ್ಲಿ ಹೊಡೆಯಿರಿ.

ಅಭ್ಯಾಸದ ಕ್ರಮ

ಮೊದಲ ಎರಡು ವಾರ ಗಡಿಯಾರವನ್ನು ಮುಟ್ಟಬೇಡಿ. ಪ್ರತಿ ಗುರಿಯನ್ನೂ ಬೇರೆಬೇರೆಯಾಗಿ, ನಿಧಾನವಾಗಿ ಕಲಿಯಿರಿ. ಫೋನಿನ ನಿಧಾನಗತಿಯ ಚಿತ್ರೀಕರಣ ಇಲ್ಲಿ ಯಾವ ಗುರುವಿಗೂ ಕಡಿಮೆಯಲ್ಲ. ಬಾಯಿ ಓರೆಯಾಗಿ ತಗಲುತ್ತಿರುವುದು ಕಣ್ಣಿಗೆ ಕಾಣದಿದ್ದರೂ ಅಲ್ಲಿ ಕಾಣುತ್ತದೆ. ಆಮೇಲೆ ಗುರಿಗಳನ್ನು ಸಾಲಾಗಿ ಜೋಡಿಸಿ, ಯಾವಾಗಲೂ ಗಟ್ಟಿಯದರ ನಂತರ ನಾಜೂಕಿನದು ಬರುವಂತೆ ಇಡಿ. ಮರ, ಆಮೇಲೆ ಬಾಟಲಿ, ಆಮೇಲೆ ಸ್ಟ್ರಾ. ಇಪ್ಪತ್ತು ಹೆಜ್ಜೆ ಓಡಿ ಬಂದು ಆರಂಭಿಸಿದರೆ ನಾಡಿ ಏರಿದಾಗ ಕೈ ಹೇಗೆ ನಡುಗುತ್ತದೆ ಎಂಬುದೂ ತಿಳಿಯುತ್ತದೆ.

ಸುರಕ್ಷತೆಯ ಬಗ್ಗೆ ಚೌಕಾಶಿ ಬೇಡ. ಕಣ್ಣಿಗೆ ರಕ್ಷಣಾ ಕನ್ನಡಕ, ಕಾಲಿಗೆ ಗಟ್ಟಿ ಬೂಟು, ಖಾಲಿ ಕೈಗೆ ಕೊಯ್ತ ತಡೆಯುವ ಕೈಗವಸು ಇರಲಿ. ಆ ಖಾಲಿ ಕೈ ಎದೆಗೆ ಅಂಟಿಕೊಂಡಿರಲಿ ಅಥವಾ ಬೆನ್ನ ಹಿಂದಿರಲಿ. ಬೀಳುವ ತುಂಡನ್ನು ಹಿಡಿಯಲು ಕೈ ತಾನಾಗಿಯೇ ಮುಂದೆ ಹೋಗುತ್ತದೆ, ಆ ಸಹಜ ಪ್ರವೃತ್ತಿಯನ್ನು ಕೊಲ್ಲುವುದಕ್ಕೂ ಅಭ್ಯಾಸ ಬೇಕು. ನೋಡುವವರು ನಿಮ್ಮ ಹಿಂದೆ ದೂರದಲ್ಲಿರಲಿ, ಬೀಸಿನ ದಾರಿಯ ನೇರದಲ್ಲಿ ಯಾರೂ ನಿಲ್ಲಬಾರದು, ಏಕೆಂದರೆ ಅಲಗು ಮುರಿದರೆ ತುಂಡು ಆ ದಾರಿಯಲ್ಲೇ ಹಾರುತ್ತದೆ. ಪ್ರತಿ ಸುತ್ತಿನ ನಂತರ ಹಿಡಿಯ ಪಿನ್ನುಗಳನ್ನೂ ಅಲಗು ಹಿಡಿಗೆ ಸೇರುವ ಜಾಗವನ್ನೂ ಬೆಳಕಿನಲ್ಲಿ ನೋಡಿ. ಕೂದಲೆಳೆಯಷ್ಟು ಬಿರುಕು ಕಂಡರೂ ಆ ಚಾಕುವಿನ ಕಥೆ ಮುಗಿಯಿತು.

ಅರ್ಜಿ, ಪ್ರಯಾಣ, ಚಿತ್ರೀಕರಣ

ಅರ್ಜಿಯೊಂದಿಗೆ ಕಳಿಸುವ ವಿಡಿಯೊ ಚಿಕ್ಕದಾಗಿರಲಿ, ಕತ್ತರಿಸುವ ದೃಶ್ಯ ಎಲ್ಲೂ ತುಂಡಾಗದೆ ಒಂದೇ ಓಟದಲ್ಲಿರಲಿ. ಚಾಕುವಿನ ಅಳತೆ, ತೂಕ, ಉಕ್ಕು, ಹದ ಹಾಕಿದ ರೀತಿ ಇವನ್ನು ಸ್ಪಷ್ಟವಾಗಿ ಬರೆಯಿರಿ. ಆಯ್ಕೆ ಮಾಡುವವರು ಚಾಕುವಿನಷ್ಟೇ ಮನುಷ್ಯನನ್ನೂ ನೋಡುತ್ತಾರೆ ಎಂಬುದು ನಿಜವಾದರೂ ಇಲ್ಲದ ಕಥೆ ಕಟ್ಟಲು ಹೋಗಬೇಡಿ, ಚಿತ್ರೀಕರಣದ ದಿನ ಅದನ್ನೇ ಹತ್ತು ಬಾರಿ ಹೇಳಿಸುತ್ತಾರೆ. ಒಪ್ಪಂದದ ಪತ್ರವನ್ನು ಪೂರ್ತಿ ಓದಿ: ಗಾಯವಾದರೆ ಹೊಣೆ ಯಾರದು, ಚಾಕು ಮುರಿದರೆ ಏನು, ಪ್ರಸಾರಕ್ಕೆ ಮುನ್ನ ಫಲಿತಾಂಶ ಹೇಳಬಾರದೆಂಬ ಕರಾರು ಎಷ್ಟು ಬಿಗಿಯಾಗಿದೆ ಎಂಬುದು ತಿಳಿದಿರಬೇಕು. ಅಮೆರಿಕದಲ್ಲಿ ಬಹುಮಾನದ ಹಣಕ್ಕೆ ಆದಾಯ ತೆರಿಗೆ ಬೀಳುತ್ತದೆ ಎಂಬುದನ್ನೂ ಗಮನದಲ್ಲಿಡಿ.

ವಿಮಾನದಲ್ಲಿ ಹೋಗುವುದಾದರೆ ಚಾಕು ಕೈಚೀಲದಲ್ಲಿ ಇರುವಂತಿಲ್ಲ. ಅಮೆರಿಕದ ಸಾರಿಗೆ ಭದ್ರತಾ ಆಡಳಿತದ ನಿಯಮದಂತೆ ಅದು ಒಪ್ಪಿಸುವ ಲಗೇಜಿನಲ್ಲೇ ಹೋಗಬೇಕು, ತಪಾಸಣೆ ಮಾಡುವವರ ಕೈ ಕೊಯ್ಯದಂತೆ ಒರೆಯಲ್ಲಿಟ್ಟು ಭದ್ರವಾಗಿ ಸುತ್ತಿರಬೇಕು. ಗಟ್ಟಿ ಪೆಟ್ಟಿಗೆಯಲ್ಲಿ ಬೀಗ ಹಾಕಿ ಒಯ್ಯಿರಿ. ಚಾಕು ಇಟ್ಟುಕೊಂಡು ಓಡಾಡುವ ಕಾನೂನು ಅಲ್ಲಿ ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗಿರುವುದರಿಂದ ಕಣ ತಲುಪುವವರೆಗೆ ಪೆಟ್ಟಿಗೆ ತೆರೆಯುವ ಅಗತ್ಯವೇ ಇಲ್ಲ.

ಕೊನೆಯ ಸಾಣೆಯನ್ನು ಹಿಂದಿನ ದಿನವೇ ಮುಗಿಸಿ. ಕನ್ನಡಿಯಂತೆ ಹೊಳೆಯುವ ಬಾಯಿ ಮರಕ್ಕೆ ಒಳ್ಳೆಯದು, ಹಗ್ಗದ ನಾರಿನ ಮೇಲೆ ಜಾರುತ್ತದೆ; ಒರಟು ಬಾಯಿ ಹಗ್ಗವನ್ನು ಕಚ್ಚುತ್ತದೆ, ಮರದಲ್ಲಿ ಬೇಗ ಸವೆಯುತ್ತದೆ. 600 ಅಂಕಿಯ ಸುತ್ತಮುತ್ತಲಿನ ಸಾಣೆಕಲ್ಲಿನಲ್ಲಿ ನಿಲ್ಲಿಸಿ, ಚರ್ಮದ ಪಟ್ಟಿಯ ಮೇಲೆ ನಾಲ್ಕೈದು ಸಲ ಮಾತ್ರ ಎಳೆದು ಸಿಬರು ತೆಗೆದ ಬಾಯಿ ಎರಡಕ್ಕೂ ನಡುವೆ ನಿಲ್ಲುತ್ತದೆ ಎಂಬುದು ನನ್ನ ಮತ.

ಚಿತ್ರೀಕರಣವೆಂದರೆ ಬಹುಪಾಲು ಕಾಯುವಿಕೆ. ದೀಪ ಸರಿಪಡಿಸುತ್ತಾರೆ, ಗುರಿಗಳನ್ನು ಮತ್ತೆ ಜೋಡಿಸುತ್ತಾರೆ, ಮಾತನಾಡಿಸುತ್ತಾರೆ, ಅಷ್ಟರಲ್ಲಿ ಮೈ ತಣ್ಣಗಾಗುತ್ತದೆ. ಕರೆಯುವ ಮುನ್ನ ಭುಜ ಮತ್ತು ಮಣಿಕಟ್ಟನ್ನು ಬೆಚ್ಚಗಾಗಿಸಿಕೊಳ್ಳಿ. ಸಾಲನ್ನು ನೋಡಲು ಬಿಟ್ಟಾಗ ಗುರಿಗಳಿಗಿಂತ ಹೆಚ್ಚಾಗಿ ಅವುಗಳ ನಡುವಿನ ನೆಲವನ್ನು ನೋಡಿ. ಚೆಲ್ಲಿದ ನೀರು, ಮಂಜಿನ ಚೂರು, ಮರದ ಚಕ್ಕೆ ಎಲ್ಲಿ ಬೀಳಬಹುದು, ಅಲ್ಲಿ ಪಾದ ಎಲ್ಲಿಡಬೇಕು ಎಂದು ಲೆಕ್ಕ ಹಾಕಿ. ಯಾವ ಗುರಿಗೆ ಅಲಗಿನ ಯಾವ ಜಾಗ ಎಂಬುದನ್ನು ಮನಸ್ಸಿನಲ್ಲೇ ಒಮ್ಮೆ ಓಡಿಸಿಕೊಳ್ಳಿ. ಆರಂಭವಾದ ಮೇಲೆ ತಪ್ಪಿದ ಏಟಿನ ಬಗ್ಗೆ ಯೋಚಿಸಲು ಸಮಯವಿಲ್ಲ. ಒಂದು ಗುರಿಯಿಂದ ಇನ್ನೊಂದಕ್ಕೆ ಹೋಗುವಾಗ ಚಾಕುವಿನ ಮೊನೆ ಕೆಳಗಿರಲಿ, ದೇಹದಿಂದ ದೂರವಿರಲಿ.

ಗೆದ್ದರೂ ಸೋತರೂ ಹೊರಬಂದ ಕೂಡಲೇ ಚಾಕುವನ್ನು ಒರೆಸಿ, ಒಣಗಿಸಿ, ಎಣ್ಣೆ ಸವರಿ. ಇಂಗಾಲದ ಉಕ್ಕಿಗೆ ಮೀನಿನ ರಸ ಮತ್ತು ಎಳನೀರು ತಗಲಿದರೆ ಕೆಲವೇ ಗಂಟೆಗಳಲ್ಲಿ ಕಲೆ ಕೂರುತ್ತದೆ. ಆಮೇಲೆ ಬಾಯಿಯನ್ನು ಬೆಳಕಿಗೆ ಹಿಡಿದು, ಮಡಚಿದ ಜಾಗ, ಮುಕ್ಕಾದ ಜಾಗ, ಏನೂ ಆಗದ ಜಾಗ ಇವನ್ನು ಮಾರ್ಕರಿನಿಂದ ಗುರುತಿಸಿ ಫೋಟೊ ತೆಗೆದುಕೊಳ್ಳಿ, ಯಾವ ಗುರಿಗೆ ಯಾವ ಹಾನಿ ಎಂದು ಪುಸ್ತಕದಲ್ಲಿ ಬರೆದಿಡಿ. ಮುಂದಿನ ಚಾಕುವಿನ ಕೋನ ಮತ್ತು ಹದ ಎರಡೂ ಆ ಪುಟದಿಂದಲೇ ಹುಟ್ಟಬೇಕು. ಅದನ್ನು ಬರೆದು ಮುಗಿಸುವವರೆಗೆ ಚಾಕುವನ್ನು ಸಾಣೆಗೆ ಹಿಡಿಯಬೇಡಿ.